ಐವತ್ತು ಸರ್ಕ್ಯೂಟ್ ಬೋರ್ಡ್ ಮಾಡಿಸುವಾಗ ದುಡ್ಡು ಎಲ್ಲಿ ಹೋಗುತ್ತದೆ?

ಪ್ರಶ್ನೆ: ತಿಪಟೂರಿನಲ್ಲಿ ಸ್ಟಾರ್ಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಕೊಳವೆಬಾವಿ ಪಂಪ್‌ಸೆಟ್ಟನ್ನು ಮೊಬೈಲಿನಿಂದ ಆನ್-ಆಫ್ ಮಾಡುವ, ಒಂದು ಫೇಸ್ ಹೋದರೆ ಅಥವಾ ಬಾವಿಯಲ್ಲಿ ನೀರು ಇಲ್ಲದಿದ್ದರೆ ಮೋಟಾರ್ ನಿಲ್ಲಿಸುವ ಕಂಟ್ರೋಲರಿನ ಬೋರ್ಡನ್ನು ಕಿಕ್ಯಾಡ್ ಎಂಬ ಸಾಫ್ಟ್‌ವೇರ್‌ನಲ್ಲಿ ಡಿಸೈನ್ ಮಾಡಿದ್ದೇನೆ. ಬೋರ್ಡ್ 160×120 ಮಿ.ಮೀ., ಎರಡು ಪದರ, 2 ಔನ್ಸ್ ದಪ್ಪದ ತಾಮ್ರ, ಕಪ್ಪು ಬಣ್ಣ. ಸುತ್ತಲಿನ ರೈತರಿಂದ 50ರಷ್ಟು ಬೇಡಿಕೆ ಇದೆ. ಕೊಟೇಶನ್ ನೋಡಿದರೆ ಲಾಭ ಉಳಿಯುವ ಹಾಗೆ ಕಾಣುವುದಿಲ್ಲ. ಚೀನಾದ ಕಂಪನಿಗಳು ಐದು ಬೋರ್ಡಿಗೆ 2 ಡಾಲರ್ ಎನ್ನುತ್ತವೆ. ಕೆಲವರು ಒಟ್ಟಿಗೆ 100 ಮಾಡಿಸು, ಅಗ್ಗವಾಗುತ್ತದೆ ಅನ್ನುತ್ತಾರೆ. ನಂಜನಗೂಡಿನಲ್ಲೇ ದೊಡ್ಡ ಕಾರ್ಖಾನೆ ಇದೆಯಲ್ಲ, ಅಲ್ಲಿ ಮಾಡಿಸಲು ಆಗುವುದಿಲ್ಲವೇ? ಖರ್ಚು ಇಳಿಸುವುದು ಹೇಗೆ?

ಉತ್ತರ: ನಿಮ್ಮ ವಿವರ ಓದಿದ ತಕ್ಷಣ ನನ್ನ ಕಣ್ಣು ನಿಂತಿದ್ದು 2 ಔನ್ಸ್ ತಾಮ್ರದ ಮೇಲೆ. ಮೋಟಾರಿನ ಕರೆಂಟನ್ನು ಬೋರ್ಡಿನ ಮೇಲಿನ ರಿಲೇಗಳ ಮೂಲಕ ಹಾಯಿಸುತ್ತಿದ್ದೀರಿ ಎಂದು ಇದರಿಂದ ಊಹಿಸುತ್ತೇನೆ. ಮೊದಲು ಅದನ್ನು ಬಿಡಿ. ರೈತರ ಪ್ಯಾನೆಲ್ ಪೆಟ್ಟಿಗೆಯಲ್ಲಿ ಕಾಂಟ್ಯಾಕ್ಟರ್, ಅಂದರೆ ಕಾಯಿಲ್‌ನಿಂದ ನಡೆಯುವ ದೊಡ್ಡ ಸ್ವಿಚ್, ಈಗಾಗಲೇ ಇದೆ. 7.5 ಎಚ್‌ಪಿ ಮೋಟಾರ್ ಓಡುವಾಗ 11ರಿಂದ 14 ಆಂಪಿಯರ್ ಎಳೆಯುತ್ತದೆ, ಶುರುವಾಗುವಾಗ ಅದರ ಹಲವು ಪಟ್ಟು. ಆ ಭಾರ ಹೊರಲೆಂದೇ ಕಾಂಟ್ಯಾಕ್ಟರ್ ಇರುವುದು. ನಿಮ್ಮ ಬೋರ್ಡ್ ಕಾಂಟ್ಯಾಕ್ಟರಿನ ಕಾಯಿಲ್ ಅನ್ನು ಆನ್-ಆಫ್ ಮಾಡಿದರೆ ಸಾಕು. ಆ ಕರೆಂಟ್ ಒಂದು ಆಂಪಿಯರನ್ನೂ ಮುಟ್ಟುವುದಿಲ್ಲ. ನೀರಿಲ್ಲದೆ ಓಡುವುದನ್ನು ಹಿಡಿಯಲು ಮೋಟಾರಿನ ವೈರನ್ನು ಕರೆಂಟ್ ಟ್ರಾನ್ಸ್‌ಫಾರ್ಮರಿನ (ವೈರನ್ನು ಮುಟ್ಟದೆ ಕರೆಂಟ್ ಅಳೆಯುವ ಉಂಗುರ) ತೂತಿನೊಳಗೆ ಹಾಯಿಸಿ. ಮೋಟಾರಿನ ಕರೆಂಟ್ ಬೋರ್ಡಿಗೆ ಬರುವುದೇ ಇಲ್ಲ.

ಇಷ್ಟು ಮಾಡಿದರೆ ಮಾಮೂಲು 1 ಔನ್ಸ್, ಅಂದರೆ 35 ಮೈಕ್ರಾನ್ ತಾಮ್ರ ಧಾರಾಳವಾಗಿ ಸಾಲುತ್ತದೆ. ದಪ್ಪ ರಿಲೇಗಳು, ಅಗಲವಾದ ಟ್ರ್ಯಾಕ್‌ಗಳು (ತಾಮ್ರದ ಗೆರೆಗಳು), ದೊಡ್ಡ ಟರ್ಮಿನಲ್‌ಗಳು ಹೋಗುತ್ತವೆ. 160×120 ಅಳತೆಯ ಬೋರ್ಡ್ 100×100ರೊಳಗೆ ಬಂದು ಕೂರುತ್ತದೆ. ವಿಸ್ತೀರ್ಣ 192 ಚದರ ಸೆಂ.ಮೀ.ನಿಂದ 100ಕ್ಕೆ ಇಳಿಯಿತು. ಯಾರ ಹತ್ತಿರವೂ ಚೌಕಾಸಿ ಮಾಡದೆ ಸಿಗುವ ಉಳಿತಾಯ ಇದು. ನೀವು ಕೇಳಿದ ಮಿಕ್ಕ ಎಲ್ಲ ಪ್ರಶ್ನೆಗಳಿಗಿಂತ ಇದರ ತೂಕ ಹೆಚ್ಚು.

ತಾಮ್ರದ ದಪ್ಪ ಅಥವಾ ಬಣ್ಣ ಬದಲಿಸಿದರೆ ಬೆಲೆ ಏಕೆ ಏರಬಹುದು ಎಂಬುದು ತಿಳಿಯಬೇಕಾದರೆ ಕಾರ್ಖಾನೆಯ ಒಳಗಿನ ಪದ್ಧತಿ ಗೊತ್ತಿರಬೇಕು. ಅಲ್ಲಿ ನಿಮ್ಮ ಐವತ್ತು ಬೋರ್ಡನ್ನು ಬಿಡಿಬಿಡಿಯಾಗಿ ಮಾಡುವುದಿಲ್ಲ. ಸುಮಾರು 18×24 ಇಂಚಿನ ದೊಡ್ಡ ಹಾಳೆಯ ಮೇಲೆ ಹತ್ತಾರು ಗಿರಾಕಿಗಳ ಡಿಸೈನ್‌ಗಳನ್ನು ಒಟ್ಟಿಗೆ ಜೋಡಿಸಿ, ಒಂದೇ ಸಲ ಡ್ರಿಲ್ ಮಾಡಿ, ತಾಮ್ರ ಲೇಪಿಸಿ, ಬೇಡದ ತಾಮ್ರವನ್ನು ಕರಗಿಸಿ ತೆಗೆದು, ಕೊನೆಗೆ ಕತ್ತರಿಸುತ್ತಾರೆ. ನಿಮ್ಮೂರಿನಲ್ಲಿ ನಾಲ್ಕಾರು ತೋಟದವರು ಸೇರಿ ಒಂದೇ ಲಾರಿಯಲ್ಲಿ ಕಾಯಿ ತುಂಬಿ ಮಂಡಿಗೆ ಕಳಿಸುವ ಹಾಗೆ, ಬಾಡಿಗೆ ಹಂಚಿಹೋಗುತ್ತದೆ. ಹಾಗೆ ಹಂಚಿಕೊಳ್ಳಬೇಕಾದರೆ ಎಲ್ಲರ ಬೋರ್ಡೂ ಒಂದೇ ಬಗೆಯದಾಗಿರಬೇಕು: ಎಫ್‌ಆರ್-4 (ಗಾಜಿನ ನಾರಿನ ಹಲಗೆ), 1.6 ಮಿ.ಮೀ. ದಪ್ಪ, 1 ಔನ್ಸ್ ತಾಮ್ರ, ಹಸಿರು ಮಾಸ್ಕ್ (ಮೇಲಿನ ಬಣ್ಣದ ರಕ್ಷಣಾ ಪದರ), ಬಿಳಿ ಅಕ್ಷರ, ಎಚ್‌ಎಎಸ್‌ಎಲ್ (ಪ್ಯಾಡ್‌ಗಳ ಮೇಲಿನ ಬೆಸುಗೆ ಲೋಹದ) ಲೇಪ. ಇದರಲ್ಲಿ ಯಾವುದನ್ನು ಬದಲಿಸಿದರೂ ನಿಮ್ಮ ಬೋರ್ಡ್ ಆ ಹಾಳೆಯಿಂದ ಹೊರಬಿದ್ದು ಬೇರೊಂದು ಹಾಳೆಗೆ ಕಾಯಬೇಕಾಗುತ್ತದೆ. 2 ಔನ್ಸ್ ತಾಮ್ರ ಕೇಳಿದಾಗ ನೀವು ತಾಮ್ರದ ಬೆಲೆಯ ಜೊತೆಗೆ ಅಪರೂಪದ ಹಾಳೆಯ ಬಾಡಿಗೆಯನ್ನೂ ಕೊಡುತ್ತೀರಿ. ಕಪ್ಪು ಬಣ್ಣವೂ ಹಾಗೆಯೇ. ಅದೂ ಅಲ್ಲದೆ ಕಪ್ಪು ಮಾಸ್ಕಿನ ಕೆಳಗೆ ಟ್ರ್ಯಾಕ್ ಕಾಣುವುದೇ ಕಷ್ಟ. ರಿಪೇರಿ ಮಾಡುವವರು ನೀವೇ ಆದ್ದರಿಂದ ಹಸಿರನ್ನೇ ಆರಿಸಿ.

ಟ್ರ್ಯಾಕ್‌ನ ಅಗಲ ಮತ್ತು ನಡುವಿನ ಅಂತರ 0.2 ಮಿ.ಮೀ.ಗಿಂತ ಕಡಿಮೆ ಆಗದಿರಲಿ, ಎರಡು ಪದರಗಳನ್ನು ಜೋಡಿಸುವ ವಯಾ ತೂತು 0.3 ಮಿ.ಮೀ.ಗಿಂತ ಸಣ್ಣದು ಬೇಡ. ನಿಮ್ಮ ಸರ್ಕ್ಯೂಟಿಗೆ ಅದಕ್ಕಿಂತ ನವಿರಾದ ಕೆಲಸದ ಅಗತ್ಯವೂ ಇಲ್ಲ. ಕಿಕ್ಯಾಡ್‌ನ ಡಿಸೈನ್ ನಿಯಮಗಳಲ್ಲಿ ಈ ಸಂಖ್ಯೆಗಳನ್ನು ಈಗಲೇ ತುಂಬಿ. ಎಲ್ಲೋ ಒಂದು ಮೂಲೆಯಲ್ಲಿ 0.2 ಮಿ.ಮೀ.ನ ಒಂದೇ ಒಂದು ತೂತು ಉಳಿದರೂ ಇಡೀ ಆರ್ಡರ್ ದುಬಾರಿ ವರ್ಗಕ್ಕೆ ಹೋಗುತ್ತದೆ. ಚಿನ್ನದ ಲೇಪ ಬೇಕಾಗುವುದು ಕಾಲುಗಳು ತೀರಾ ಒತ್ತಾಗಿರುವ ಐಸಿಗಳಿಗೆ ಅಥವಾ ಒತ್ತುಗುಂಡಿಯ ಸಂಪರ್ಕಗಳಿಗೆ. ನಿಮಗೆ ಬೇಡ.

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಸಂಖ್ಯೆಗಳು ಉದಾಹರಣೆಗೆಂದು ಇಟ್ಟುಕೊಂಡವು; ನಿಮ್ಮ ಕೊಟೇಶನ್‌ನ ಅಂಕಿಗಳನ್ನು ಅದೇ ಜಾಗದಲ್ಲಿ ಹಾಕಿ ನೋಡಿ. ಬೋರ್ಡ್ ಎಷ್ಟೇ ಇರಲಿ, ಒಂದು ಸಲಕ್ಕೆ ಬೀಳುವ ಖರ್ಚು: ಟೂಲಿಂಗ್ ಮತ್ತು ಫೈಲ್ ತಯಾರಿ 4,000 ರೂ., ಸ್ಟೆನ್ಸಿಲ್ (ಬೆಸುಗೆ ಪೇಸ್ಟ್ ಹಚ್ಚುವ ತೂತಿನ ಹಾಳೆ) 1,500, ಜೋಡಣೆ ಯಂತ್ರವನ್ನು ಅಣಿಗೊಳಿಸಲು 6,000, ಸಾಗಣೆ 2,000. ಒಟ್ಟು 13,500. ಪ್ರತಿ ಬೋರ್ಡಿಗೆ ಬೀಳುವುದು: ಖಾಲಿ ಬೋರ್ಡ್ 90, ಬಿಡಿಭಾಗಗಳು 620, ಜೋಡಣೆ 60. ಒಟ್ಟು 770. ಹತ್ತು ಮಾಡಿಸಿದರೆ ಒಂದಕ್ಕೆ 2,120 ರೂ. ಬೀಳುತ್ತದೆ. ಐವತ್ತಕ್ಕೆ 1,040. ನೂರಕ್ಕೆ 905. ಇನ್ನೂರಕ್ಕೆ ಸುಮಾರು 838.

ಹತ್ತರಿಂದ ಐವತ್ತಕ್ಕೆ ಹೋಗುವಾಗ ಬೆಲೆ ಅರ್ಧಕ್ಕಿಳಿಯಿತು. ಐವತ್ತರಿಂದ ನೂರಕ್ಕೆ ಇಳಿದದ್ದು 135 ರೂ. ಮಾತ್ರ. ಅದನ್ನು ಪಡೆಯಲು ನೀವು ಹೆಚ್ಚುವರಿಯಾಗಿ ಹಾಕುವ ಬಂಡವಾಳ 38,500 ರೂ. ಈಗ ಬೇಡಿಕೆ ಇರುವುದು ಐವತ್ತಕ್ಕೆ. ಮಿಕ್ಕ ಐವತ್ತು ಮಾರಾಟವಾಗುವ ಮೊದಲೇ ಡಿಸೈನಿನಲ್ಲಿ ಏನಾದರೂ ಬದಲಿಸಬೇಕಾಗಿ ಬಂದರೆ, ಮೊದಲ ತಂಡದಲ್ಲಿ (ಬ್ಯಾಚ್‌ನಲ್ಲಿ) ಇದು ಬಂದೇ ಬರುತ್ತದೆ, ಆ ದುಡ್ಡು ಕಪಾಟಿನಲ್ಲಿ ಕುಳಿತಂತೆ. ಹಾಗಾಗಿ ನನ್ನ ಸಲಹೆ ಸ್ಪಷ್ಟ: ಜೋಡಿಸಿದ ಬೋರ್ಡ್ 50 ಸಾಕು. ನೂರರ ಆಸೆ ಬಿಡಲಾಗದಿದ್ದರೆ ಒಂದು ಮಧ್ಯದ ದಾರಿ ಇದೆ. ಖಾಲಿ ಬೋರ್ಡ್ ಮಾತ್ರ ನೂರು ತರಿಸಿ. ಹೆಚ್ಚಿನ ಐವತ್ತಕ್ಕೆ 4,500 ರೂ.ಗಿಂತ ಹೆಚ್ಚು ಬೀಳುವುದಿಲ್ಲ. ಉಳಿದದ್ದನ್ನು ನಿರ್ವಾತ ಪ್ಯಾಕಿನಲ್ಲೇ ಸಿಲಿಕಾ ಜೆಲ್ ಜೊತೆ ಇಡಿ. ಎಚ್‌ಎಎಸ್‌ಎಲ್ ಲೇಪದ ಬೋರ್ಡ್ ಸುಮಾರು ಒಂದು ವರ್ಷ ಚೆನ್ನಾಗಿ ಬೆಸುಗೆ ಹಿಡಿಯುತ್ತದೆ. ಮಳೆಗಾಲದಲ್ಲಿ ಪ್ಯಾಕ್ ಒಡೆದು ಇಟ್ಟರೆ ತೇವ ಹೀರುತ್ತದೆ, ಆಗ ಓವನ್‌ನಲ್ಲಿ ಒಣಗಿಸಿಯೇ ಬಳಸಬೇಕು.

ಅದೇ ಲೆಕ್ಕವನ್ನು ಇನ್ನೊಮ್ಮೆ ನೋಡಿ. ಐವತ್ತು ಮಾಡಿಸುವಾಗ 1,040 ರೂ.ನಲ್ಲಿ ಖಾಲಿ ಬೋರ್ಡಿನ ಪಾಲು 90. ಬಿಡಿಭಾಗಗಳದ್ದು 620. ನೀವು ಇಷ್ಟು ದಿನ ಹಿಡಿದು ಎಳೆಯುತ್ತಿರುವುದು ಈ ತೊಂಬತ್ತು ರೂಪಾಯಿಯನ್ನು. 2 ಡಾಲರ್ ಮಾತು ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ.

ಆ 2 ಡಾಲರ್ ಸುಳ್ಳಲ್ಲ. ಜೆಎಲ್‌ಸಿಪಿಸಿಬಿಯಂಥ ಚೀನಾದ ಕಂಪನಿಗಳು 100×100 ಮಿ.ಮೀ.ಯೊಳಗಿನ ಐದು ಎರಡು-ಪದರದ ಬೋರ್ಡನ್ನು ಆ ಬೆಲೆಗೆ ಕೊಟ್ಟಿವೆ. ಗಿರಾಕಿಯನ್ನು ಕರೆತರಲು ಇಟ್ಟ ದರ ಅದು. ಅದರ ಮೇಲೆ ಕೊರಿಯರ್ ಖರ್ಚು ಬೀಳುತ್ತದೆ, ಸಣ್ಣ ಆರ್ಡರಿನಲ್ಲಿ ಅದೇ ಬೋರ್ಡಿಗಿಂತ ಎಷ್ಟೋ ಪಟ್ಟು. 2024ರಿಂದ ಚೀನಾ ಮತ್ತು ಹಾಂಗ್‌ಕಾಂಗ್‌ನಿಂದ ಬರುವ ಆರು ಪದರದವರೆಗಿನ ಖಾಲಿ ಬೋರ್ಡ್‌ಗಳ ಮೇಲೆ ಆಂಟಿ-ಡಂಪಿಂಗ್ ಸುಂಕವೂ (ತೀರಾ ಅಗ್ಗವಾಗಿ ಬರುವ ವಿದೇಶಿ ಸರಕಿಗೆ ಹಾಕುವ ಹೆಚ್ಚುವರಿ ಸುಂಕ) ಇದೆ. ಸುಂಕ ಹಾಕುವುದು ಸಾಗಣೆ ಮತ್ತು ವಿಮೆ ಸೇರಿದ ಮೌಲ್ಯದ ಮೇಲೆ. ಅವೆಲ್ಲ ಸೇರಿದ ಮೊತ್ತದ ಮೇಲೆ 18% ಐಜಿಎಸ್‌ಟಿ. ಕೊನೆಗೆ ಕೊರಿಯರ್ ಕಂಪನಿ ನಿಮ್ಮ ಪರವಾಗಿ ಸುಂಕ ಕಟ್ಟಿದ್ದಕ್ಕೆ ಪಡೆಯುವ ಶುಲ್ಕ. ವ್ಯಾಪಾರಕ್ಕೆಂದು ತರಿಸುವುದಾದರೆ ಐಇಸಿ (ಆಮದು-ರಫ್ತುದಾರರ) ಸಂಖ್ಯೆ ಬೇಕು. ಅದರ ಅರ್ಜಿ ಶುಲ್ಕ 500 ರೂ. ಜಿಎಸ್‌ಟಿ ನೋಂದಣಿ ಇದ್ದು, ಬಿಲ್ ಆಫ್ ಎಂಟ್ರಿಯಲ್ಲಿ (ಆಮದಿನ ಕಸ್ಟಮ್ಸ್ ದಾಖಲೆ) ನಿಮ್ಮ ಜಿಎಸ್‌ಟಿ ಸಂಖ್ಯೆ ಸರಿಯಾಗಿ ಬಂದಿದ್ದರೆ ಐಜಿಎಸ್‌ಟಿಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ಆಂಟಿ-ಡಂಪಿಂಗ್ ಸುಂಕ ವಾಪಸ್ ಬರುವುದಿಲ್ಲ. ಇನ್‌ವಾಯ್ಸಿನಲ್ಲಿ ಬೆಲೆ ಕಡಿಮೆ ತೋರಿಸಿ ಎಂದು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಸರಕು ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ದಂಡದ ಜೊತೆಗೆ ನಿಮ್ಮ ರೈತರಿಗೆ ಕೊಟ್ಟ ಮಾತೂ ಹೋಗುತ್ತದೆ.

ಇಲ್ಲಿ ಬೆಂಗಳೂರಿನ ಲಯನ್ ಸರ್ಕ್ಯೂಟ್ಸ್, ಗುಜರಾತಿನ ಪಿಸಿಬಿ ಪವರ್ ಮುಂತಾದವು ಸಣ್ಣ ಸಂಖ್ಯೆಯ ಆರ್ಡರ್ ತೆಗೆದುಕೊಳ್ಳುತ್ತವೆ. ಬಿಡಿ ಬೋರ್ಡಿನ ಬೆಲೆ ಚೀನಾಕ್ಕಿಂತ ಹೆಚ್ಚು ಕಾಣಬಹುದು. ಮನೆಬಾಗಿಲಿಗೆ ಬಂದು ಬಿದ್ದ ಬೆಲೆ ಹಾಕಿ ಹೋಲಿಸಿದರೆ ಆ ಅಂತರ ಬಹಳಷ್ಟು ಕುಗ್ಗುತ್ತದೆ, ಬಿಲ್ ರೂಪಾಯಿಯಲ್ಲೇ ಇರುತ್ತದೆ, ಫೈಲಿನಲ್ಲಿ ಅನುಮಾನ ಬಂದರೆ ಫೋನಿನಲ್ಲಿ ಮಾತಾಡಿ ಬಗೆಹರಿಸಬಹುದು. ಮೊದಲ ಐದು ಮಾದರಿಗಳನ್ನು ಎಲ್ಲಿ ಅಗ್ಗವೋ ಅಲ್ಲಿ ಮಾಡಿಸಿ. ಐವತ್ತರ ತಂಡವನ್ನು ಇಲ್ಲೇ ಮಾಡಿಸಿ ಎನ್ನುತ್ತೇನೆ. ನಂಜನಗೂಡಿನಲ್ಲಿರುವುದು ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪನಿಯ ಘಟಕ. ನಮ್ಮ ರಾಜ್ಯದಲ್ಲಿ ಇಂಥ ಕಾರ್ಖಾನೆ ಇರುವುದು ಹೆಮ್ಮೆಯೇ. ಆದರೆ ಅದು ದೊಡ್ಡ ಉದ್ಯಮಗಳಿಗೆ ದೊಡ್ಡ ಸಂಖ್ಯೆಯಲ್ಲಿ ಪೂರೈಸುವ ಜಾಗ. ಐವತ್ತು ಬೋರ್ಡಿಗೆ ಅಲ್ಲಿಗೆ ಹೋಗುವುದರಲ್ಲಿ ಅರ್ಥವಿಲ್ಲ.

ಇನ್ನು ಆ 620 ರೂಪಾಯಿ, ಮತ್ತು ಅದರ ಜೊತೆಗೆ ಅಂಟಿಕೊಂಡಿರುವ ಜೋಡಣೆಯ ಖರ್ಚು. ನಿಮ್ಮ ಬಿಡಿಭಾಗಗಳ ಪಟ್ಟಿಯಲ್ಲಿ ಒಟ್ಟು ಎಷ್ಟು ಭಾಗಗಳಿವೆ ಎಂಬುದಕ್ಕಿಂತ ಎಷ್ಟು ಬಗೆ ಇವೆ ಎಂಬುದನ್ನು ಎಣಿಸಿ. ಜೋಡಣೆ ಯಂತ್ರಕ್ಕೆ ಒಂದೊಂದು ಬಗೆಗೂ ಒಂದೊಂದು ಫೀಡರ್ (ಭಾಗಗಳ ಟೇಪನ್ನು ಯಂತ್ರಕ್ಕೆ ಉಣಿಸುವ ಸಾಧನ) ಏರಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ, ಆ ಸಮಯಕ್ಕೆ ನೀವು ದುಡ್ಡು ಕೊಡುತ್ತೀರಿ. ಜೆಎಲ್‌ಸಿಪಿಸಿಬಿಯಲ್ಲಿ ಇದು ಬಿಲ್ಲಿನಲ್ಲೇ ಕಾಣುತ್ತದೆ: ಯಂತ್ರದಲ್ಲಿ ಸದಾ ಏರಿಸಿಟ್ಟಿರುವ ‘ಬೇಸಿಕ್’ ಭಾಗಗಳಿಗೆ ಹೆಚ್ಚುವರಿ ಶುಲ್ಕವಿಲ್ಲ, ‘ಎಕ್ಸ್‌ಟೆಂಡೆಡ್’ ಭಾಗಗಳಿಗೆ ಬಗೆಯೊಂದಕ್ಕೆ 3 ಡಾಲರ್. ನಮ್ಮ ಜೋಡಣೆದಾರರಲ್ಲಿ ಅದು ಒಟ್ಟು ಮೊತ್ತದೊಳಗೆ ಸೇರಿಹೋಗಿರುತ್ತದೆ.

ಪಟ್ಟಿಯನ್ನು ಮುಂದಿಟ್ಟುಕೊಂಡು ಒಂದು ಸಂಜೆ ಕೂರಿ. 4.7 ಕೆ, 10 ಕೆ, 12 ಕೆ, 15 ಕೆ ಎಂದು ನಾಲ್ಕು ಬಗೆಯ (ಕೆ ಅಂದರೆ ಸಾವಿರ ಓಮ್) ಪುಲ್-ಅಪ್ ರೆಸಿಸ್ಟರ್‌ಗಳಿದ್ದರೆ ಎಲ್ಲವೂ 10 ಕೆ ಆದರೆ ಏನು ನಷ್ಟ? ಬಹಳ ಕಡೆ ಏನೂ ಇಲ್ಲ. 5 ಕೆ ಬೇಕಾದಲ್ಲಿ ಎರಡು 10 ಕೆ ಸಮಾಂತರವಾಗಿ ಇಡಿ. ಒಂದು ರೆಸಿಸ್ಟರಿನ ಬೆಲೆ ಪೈಸೆಗಳಲ್ಲಿದೆ, ಇನ್ನೊಂದು ಫೀಡರಿನ ಬೆಲೆ ನೂರಾರು ರೂಪಾಯಿ. ಎಲ್ಇಡಿಗಳ ರೆಸಿಸ್ಟರ್ 330 ಓಮ್ ಆಗಲಿ 1 ಕೆ ಆಗಲಿ ರೈತನಿಗೆ ಕಾಣುವ ಬೆಳಕು ಸಾಲುತ್ತದೆ. ಎಸ್‌ಎಂಡಿ ಭಾಗಗಳನ್ನೆಲ್ಲ (ತೂತಿಲ್ಲದೆ ಬೋರ್ಡಿನ ಮೇಲ್ಮೈಗೇ ಬೆಸೆಯುವಂಥವು) ಒಂದೇ ಬದಿಗೆ ತನ್ನಿ. ಎರಡೂ ಬದಿಗೆ ಹಾಕಿದರೆ ಸ್ಟೆನ್ಸಿಲ್ ಎರಡು, ಯಂತ್ರದ ಸುತ್ತು ಎರಡು. ಪ್ರೋಗ್ರಾಮ್ ತುಂಬಲು ಬೋರ್ಡಿಗೊಂದು ಕನೆಕ್ಟರ್ ಬೆಸೆಯುವ ಬದಲು ಬರಿಯ ಪ್ಯಾಡ್‌ಗಳನ್ನು ಬಿಟ್ಟು, ಪೋಗೋ ಪಿನ್‌ಗಳ (ಸ್ಪ್ರಿಂಗ್ ಇರುವ ಪಿನ್‌ಗಳು) ಜಿಗ್ ಒಂದನ್ನು ಮಾಡಿಕೊಳ್ಳಿ. ಅದೇ ಜಿಗ್ ನಿಮ್ಮ ಟೆಸ್ಟಿಂಗಿಗೂ ಆಗುತ್ತದೆ.

ಯಂತ್ರಕ್ಕೆ ಎಸ್‌ಎಂಡಿ ಭಾಗಗಳನ್ನು ಮಾತ್ರ ಕೊಡಿ. ರಿಲೇ, ಟರ್ಮಿನಲ್, ಟ್ರಾನ್ಸ್‌ಫಾರ್ಮರ್ ಇವನ್ನು ನಿಮ್ಮ ಅಂಗಡಿಯಲ್ಲೇ ಕೈಯಿಂದ ಬೆಸೆಯಬಹುದು, ಅದು ನಿಮಗೆ ಬರುವ ಕೆಲಸವೇ. ಹೊರಗಿನವರಿಗೆ ಕೊಟ್ಟರೆ ತೂತಿನ ಭಾಗಗಳಿಗೆ ಬೆಸುಗೆಯ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ.

ಕೊಳ್ಳುವುದರ ಬಗ್ಗೆ: ಕನೆಕ್ಟರ್, ಟರ್ಮಿನಲ್, ಹೀಟ್ ಶ್ರಿಂಕ್, ಪೆಟ್ಟಿಗೆ, ವೈರ್ ಇವಕ್ಕೆ ಬೆಂಗಳೂರಿನ ಎಸ್.ಪಿ. ರಸ್ತೆಗಿಂತ ಒಳ್ಳೆಯ ಜಾಗ ನಿಮಗೆ ಸಿಗಲಾರದು. ಕೈಯಲ್ಲಿ ಹಿಡಿದು ನೋಡಿ, ಅಂಗಡಿ ಬದಲಿಸಿ ಬೆಲೆ ಕೇಳಿ ತರಬಹುದು. ಮೈಕ್ರೊಕಂಟ್ರೋಲರ್, ವೋಲ್ಟೇಜ್ ರೆಗ್ಯುಲೇಟರ್, ಆಪ್ಟೊಕಪ್ಲರ್ (ಬೆಳಕಿನ ಮೂಲಕ ಸಿಗ್ನಲ್ ದಾಟಿಸುವ ಭಾಗ), ಎಂಒವಿ (ವೋಲ್ಟೇಜ್ ದಿಢೀರ್ ಏರಿದರೆ ಕಾಯುವ ಭಾಗ) ಇವನ್ನು ಮಾತ್ರ ಅಧಿಕೃತ ವಿತರಕರಿಂದಲೇ ತರಿಸಿ: ಎಲಿಮೆಂಟ್14, ಡಿಜಿಕೀ, ಮೌಸರ್ ಇಂಥವರು. ನಕಲಿ ಐಸಿಯ ಮೇಲೆ ಅಚ್ಚು ಅಸಲಿಯಂತೆಯೇ ಇರುತ್ತದೆ, ಗೊತ್ತಾಗುವುದು ತೋಟದಲ್ಲಿ ಕೆಟ್ಟ ಮೇಲೆ. ಬೆಲೆ ಸಾಮಾನ್ಯವಾಗಿ 10, 100, 1,000ದ ಮೆಟ್ಟಿಲುಗಳಲ್ಲಿ ಇಳಿಯುತ್ತದೆ. ಐವತ್ತು ಬೋರ್ಡಿಗೆ ಎರಡೆರಡು ಬೇಕಾಗುವ ಭಾಗವಾದರೆ ನೀವು ತಾನಾಗಿಯೇ ನೂರರ ಮೆಟ್ಟಿಲು ಮುಟ್ಟಿದಿರಿ. ಎಂಬತ್ತು ಬೇಕಿದ್ದಲ್ಲಿ ನೂರರ ದರದ ಒಟ್ಟು ಮೊತ್ತ ಕಡಿಮೆಯೇ ಬರುವುದುಂಟು, ಕೂಡಿ ನೋಡಿ. 0603 ಅಳತೆಯ ರೆಸಿಸ್ಟರ್ ಒಂದು ಪೂರ್ತಿ ರೀಲಿನಲ್ಲಿ 5,000 ಇರುತ್ತವೆ. ಒಂದೇ ಓಮ್ ಮೌಲ್ಯದ ರೆಸಿಸ್ಟರಿಗೆ ಎಲ್ಲವನ್ನೂ ಒಗ್ಗೂಡಿಸಿದ ಮೇಲೆ 10 ಕೆ ರೀಲ್ ಒಂದನ್ನು ಕೊಂಡಿಡುವುದೇ ಜಾಣತನ. ಕತ್ತರಿಸಿದ ತುಂಡು ಟೇಪಿನಲ್ಲಿ ಯಂತ್ರ ಹಿಡಿಯಲು ಆರಂಭದ ಕೆಲವು ಭಾಗ ವ್ಯರ್ಥವಾಗುತ್ತವೆ, ಸಣ್ಣ ಭಾಗಗಳನ್ನು ಲೆಕ್ಕಕ್ಕಿಂತ ಹೆಚ್ಚೇ ಕೊಡಬೇಕಾಗುತ್ತದೆ.

ಎಲ್ಲಕ್ಕಿಂತ ದುಬಾರಿ ಭಾಗ ಮೋಡೆಮ್, ಅಂದರೆ ಬೋರ್ಡನ್ನು ಮೊಬೈಲ್ ಜಾಲಕ್ಕೆ ಜೋಡಿಸುವ ಭಾಗ. ನೀವು ಯಾವುದನ್ನು ಹಾಕಿದ್ದೀರಿ ಎಂದು ಬರೆದಿಲ್ಲ. ಅಗ್ಗವೆಂದು ಸಿಮ್800 ಮಾಡ್ಯೂಲ್ ಹಾಕಿದ್ದರೆ ದಯವಿಟ್ಟು ಮತ್ತೊಮ್ಮೆ ಯೋಚಿಸಿ. ಅದು 2ಜಿ ಮಾತ್ರ. ಜಿಯೋ ಜಾಲದಲ್ಲಿ 2ಜಿ ಇಲ್ಲವೇ ಇಲ್ಲ. ರೈತನ ತೋಟದಲ್ಲಿ ಯಾವ ಸಿಗ್ನಲ್ ಸಿಗುತ್ತದೋ ಅದರ ಸಿಮ್ ಹಾಕುವ ಸ್ವಾತಂತ್ರ್ಯ ಅವನಿಗಿರಬೇಕು. ಎ7672ಎಸ್‌ನಂಥ 4ಜಿ ಮಾಡ್ಯೂಲಿಗೆ ಬೆಲೆ ಹೆಚ್ಚಾದರೂ ಮೂರು-ನಾಲ್ಕು ವರ್ಷ ಬಾಳುವ ವಸ್ತು ಅದೇ. ಮೋಡೆಮ್ಮನ್ನು ಮುಖ್ಯ ಬೋರ್ಡಿಗೆ ನೇರವಾಗಿ ಬೆಸೆಯದೆ, ಸಿದ್ಧ ಮಾಡ್ಯೂಲ್ ಬೋರ್ಡನ್ನು ಪಿನ್ ಹೆಡರ್ ಮೇಲೆ ಕೂರಿಸಿ. ಆಗ ಆಂಟೆನಾ ದಾರಿಯ ಇಂಪಿಡೆನ್ಸ್ ಲೆಕ್ಕದ ತಲೆನೋವು ಇಲ್ಲ, ನಾಲ್ಕು ಪದರದ ಬೋರ್ಡ್ ಬೇಕಾಗುವುದಿಲ್ಲ, ಮೊಬೈಲ್ ಬೇಡದ ರೈತನಿಗೆ ಅದೇ ಬೋರ್ಡನ್ನು ಮೋಡೆಮ್ ಇಲ್ಲದೆ ಕಡಿಮೆ ಬೆಲೆಗೆ ಕೊಡಬಹುದು. ಒಂದೇ ಡಿಸೈನಿನಿಂದ ಎರಡು ಉತ್ಪನ್ನ ಬಂದರೆ ಆ 13,500 ರೂ. ಇನ್ನೂ ಹೆಚ್ಚು ಬೋರ್ಡಿಗೆ ಹಂಚಿಹೋಗುತ್ತದೆ.

ಉಳಿಸಲೇಬಾರದ ಜಾಗಗಳೂ ಇವೆ, ಇಲ್ಲಿ ನಾನು ಕಟ್ಟುನಿಟ್ಟು. ನಿಮ್ಮ ಬೋರ್ಡಿಗೆ ಬರುವುದು 415 ವೋಲ್ಟ್. ಅನೇಕ ಪಂಪ್‌ಸೆಟ್ ಪೆಟ್ಟಿಗೆಗಳಲ್ಲಿ ನ್ಯೂಟ್ರಲ್ ಇರುವುದಿಲ್ಲ, ಎರಡು ಫೇಸ್‌ಗಳ ನಡುವಿನಿಂದಲೇ ವಿದ್ಯುತ್ ಪಡೆಯಬೇಕು. ಹೈ-ಲಿಂಕ್ ಪಿಎಂ01ರಂಥ ಸಣ್ಣ ಸಪ್ಲೈ ಮಾಡ್ಯೂಲ್ 240 ವೋಲ್ಟಿನವರೆಗಿನ ಬಳಕೆಗೆ ಮಾಡಿದ್ದು. ಎರಡು ಫೇಸ್‌ಗೆ ಕೊಟ್ಟರೆ ಸುಟ್ಟುಹೋಗುತ್ತದೆ. 440 ವೋಲ್ಟ್ ಪ್ರೈಮರಿಯ ಟ್ರಾನ್ಸ್‌ಫಾರ್ಮರನ್ನೇ ಹಾಕಿ, ಜಾಗ ಹಿಡಿದರೂ ಸರಿ. ಫೇಸ್ ಅಳೆಯುವ ರೆಸಿಸ್ಟರ್‌ಗಳಲ್ಲಿ ವೋಲ್ಟೇಜ್ ಮಿತಿ ನೋಡಿ: 1206 ಅಳತೆಯದ್ದಕ್ಕೆ ಸಾಮಾನ್ಯವಾಗಿ 200 ವೋಲ್ಟ್, 0603ಕ್ಕೆ 75 ವೋಲ್ಟ್ ಮಾತ್ರ. 415 ವೋಲ್ಟ್ ಎಸಿಯ ಶಿಖರ ಮೌಲ್ಯ 587 ವೋಲ್ಟ್. ಆದ್ದರಿಂದ ನಾಲ್ಕೈದು 1206 ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಇಡಿ. ಹೈವೋಲ್ಟೇಜ್ ಭಾಗಕ್ಕೂ ಮೈಕ್ರೊಕಂಟ್ರೋಲರ್ ಭಾಗಕ್ಕೂ ನಡುವೆ ಮಿಲ್ಲಿಂಗ್ ಸ್ಲಾಟ್ ಕೊರೆಸಿ, 1 ಮಿ.ಮೀ. ಅಗಲದ ಸ್ಲಾಟಿಗೆ ಹೆಚ್ಚಿನ ಕಡೆ ಬೇರೆ ದುಡ್ಡಿಲ್ಲ. ಒಂದೇ ಪದರದ ಅಗ್ಗದ ಕಂದು ಬೋರ್ಡಿಗೆ ಇಳಿಯಬೇಡಿ. ಅದು ತೇವ ಹೀರುತ್ತದೆ, ತೂತುಗಳಲ್ಲಿ ತಾಮ್ರದ ಲೇಪವೂ ಇರುವುದಿಲ್ಲ, ಕಾಂಟ್ಯಾಕ್ಟರ್ ಬಡಿಯುವ ಅದುರಿಗೆ ರಿಲೇಯ ಪ್ಯಾಡ್ ಕಿತ್ತುಬರುತ್ತದೆ. ಕಾರ್ಖಾನೆಯ ಎಲೆಕ್ಟ್ರಿಕಲ್ ಟೆಸ್ಟ್ ಬೇಡವೆಂದು ಗುರುತು ಹಾಕಬೇಡಿ. ಜೋಡಣೆ ಮುಗಿದ ಮೇಲೆ ಕನ್‌ಫಾರ್ಮಲ್ ಕೋಟಿಂಗ್ (ತೇವ ತಡೆಯುವ ತೆಳು ಲೇಪ) ಹಚ್ಚಿ. ಪೆಟ್ಟಿಗೆಯೊಳಗೆ ಇರುವೆ, ಹಲ್ಲಿ, ಮಳೆಯ ತೇವ ಎಲ್ಲವೂ ಬರುತ್ತವೆ.

ಒಂದೇ ಒಂದು ತಪ್ಪು ಪೂರ್ತಿ ತಂಡವನ್ನು ಮತ್ತೆ ಮಾಡಿಸುವ ಹಾಗೆ ಮಾಡಬಲ್ಲದು, ಆ ಖರ್ಚಿನ ಮುಂದೆ ಮೇಲಿನ ಯಾವ ಉಳಿತಾಯವೂ ನಿಲ್ಲುವುದಿಲ್ಲ. ಬೋರ್ಡಿನ ಚಿತ್ರವನ್ನು 1:1 ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಎಸ್.ಪಿ. ರಸ್ತೆಯಿಂದ ತಂದ ಅದೇ ರಿಲೇ, ಅದೇ ಟರ್ಮಿನಲ್‌ಗಳನ್ನು ಅದರ ಮೇಲಿಟ್ಟು ಕಾಲುಗಳು ಕೂರುತ್ತವೆಯೇ ನೋಡಿ. ಕಾರ್ಖಾನೆಗೆ ಕಳಿಸುವ ಗರ್ಬರ್ ಫೈಲ್‌ಗಳನ್ನು (ಬೋರ್ಡಿನ ಪ್ರತಿ ಪದರದ ಚಿತ್ರದ ಫೈಲ್‌ಗಳು) ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಅಲ್ಲ, ಬೇರೆ ಗರ್ಬರ್ ವ್ಯೂವರ್‌ನಲ್ಲಿ ತೆರೆದು ನೋಡಿ; ಡ್ರಿಲ್ ಫೈಲ್ ಸೇರಿದೆಯೇ, ಸ್ಲಾಟ್ ಕಾಣುತ್ತದೆಯೇ ಗಮನಿಸಿ. ಐದು ಮಾದರಿ ಮಾಡಿಸಿ, ನಂಬಿಕೆಯ ರೈತರ ತೋಟಗಳಲ್ಲಿ ಒಂದು ತಿಂಗಳಾದರೂ ಓಡಿಸಿ. ತ್ರೀಫೇಸ್ ಬರುವ ಮತ್ತು ಹೋಗುವ ಹೊತ್ತಿನಲ್ಲಿ ವೋಲ್ಟೇಜ್ ಏನೇನು ಆಟ ಆಡುತ್ತದೆ ಎಂದು ನಿಮ್ಮ ಮೇಜಿನ ಮೇಲೆ ತಿಳಿಯುವುದಿಲ್ಲ. ಐವತ್ತರ ಆರ್ಡರ್ ಅದಾದ ಮೇಲೆ. ಆಗಲೂ ಐವತ್ತಕ್ಕೆ ಬದಲು 54 ಜೋಡಿಸಿ, ನಾಲ್ಕನ್ನು ಸರ್ವಿಸ್‌ಗೆಂದು ಇಟ್ಟುಕೊಳ್ಳಿ. ಸುಗ್ಗಿಯ ಹೊತ್ತಿನಲ್ಲಿ ರೈತ ಬೋರ್ಡ್ ಹಿಡಿದು ಬಂದರೆ ಬದಲಿ ಕೊಟ್ಟು ಕಳಿಸಬಹುದು. ಆ ನಾಲ್ಕರ ಬೆಲೆಯನ್ನು ಮಿಕ್ಕವುಗಳ ದರದಲ್ಲೇ ಸೇರಿಸಿಡಿ.

ಕೊಟೇಶನ್ ಕೇಳುವಾಗ ಒಂದೇ ಫೈಲನ್ನು ಮೂವರಿಗೆ ಕಳಿಸಿ, 25, 50, 100 ಮೂರಕ್ಕೂ ದರ ಕೇಳಿ. ಟೂಲಿಂಗ್, ಸ್ಟೆನ್ಸಿಲ್, ಯಂತ್ರದ ಸಿದ್ಧತೆ, ಬಿಡಿ ಬೋರ್ಡ್, ಜೋಡಣೆ, ಟೆಸ್ಟ್, ಸಾಗಣೆ, ತೆರಿಗೆ ಬೇರೆ ಬೇರೆ ಸಾಲಿನಲ್ಲಿ ಬರಲಿ. ಡಿಸೈನ್ ಬದಲಾಗದೆ ಎರಡನೆಯ ಸಲ ಆರ್ಡರ್ ಕೊಟ್ಟರೆ ಟೂಲಿಂಗ್ ಮತ್ತು ಸ್ಟೆನ್ಸಿಲ್‌ಗೆ ಮತ್ತೆ ದುಡ್ಡು ಹಿಡಿಯುವುದಿಲ್ಲವೆಂದು ಬರೆಸಿಕೊಳ್ಳಿ. ಸ್ಟೆನ್ಸಿಲ್ ಅವರ ಬಳಿಯೇ ಉಳಿಯುವುದಾದರೆ ಎಷ್ಟು ತಿಂಗಳು ಕಾಯ್ದಿಡುತ್ತಾರೆ ಎಂಬುದನ್ನೂ ಕೇಳಿ, ಇಲ್ಲವಾದರೆ ಬೋರ್ಡಿನ ಜೊತೆಗೇ ತರಿಸಿಕೊಂಡುಬಿಡಿ.